ಒಂದು ಹಿಡಿ ಹೆಚ್ಚು ಉಪ್ಪು

ಭಾನು ಹಿಟ್ಟಿಗೆ ಉಪ್ಪು ಸುರಿಯುತ್ತಿದ್ದಳು. ಚಿಟಿಕೆಯಲ್ಲ, ಹಿಡಿಗಟ್ಟಲೆ.

ಸಮುದಾಯ ಭವನದ ಕಿಟಕಿಯ ಹೊರಗಿದ್ದ ಸೋಮೇಶನಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಮೇಜಿನ ಮೇಲೆ ಮೂರು ಪಾತ್ರೆ, ಮೂರಕ್ಕೂ ಒದ್ದೆ ಬಟ್ಟೆ. ಭಾನುವಿನ ಅಮ್ಮ ನಾಗರತ್ನಳ ನಿಪ್ಪಟ್ಟಿನ ಹಿಟ್ಟು, ಚಿಕ್ಕಮಲ್ಲಮ್ಮನ ವಡೆಯ ಹಿಟ್ಟು, ಸೋಮೇಶನ ಅಮ್ಮ ಸುಂದ್ರಮ್ಮನ ಕೋಡುಬಳೆಯ ಹಿಟ್ಟು. ಭಾನು ಕೈ ಹಾಕಿದ್ದು ಯಾವುದಕ್ಕೆಂದು ಕಾಣಲಿಲ್ಲ. ತನ್ನ ಮನೆಯದಕ್ಕಂತೂ ಅಲ್ಲ ಎಂದು ಊಹಿಸಲು ಡಿಗ್ರಿ ಬೇಕಿರಲಿಲ್ಲ.

ಚೂರು ಬಾಯಿಗೆ ಹಾಕಿ ನೋಡೋಣವೆಂದು ಅವನು ಬಾಗಿಲಿಗೆ ಬರುವಷ್ಟರಲ್ಲಿ ಹೆಂಗಸರೆಲ್ಲ ಒಳಗೆ ಸೇರಿದ್ದರು. ಭಾನು ಎಲ್ಲರೆದುರು ಸಿಕ್ಕಿಬೀಳಲಿ ಎಂದು ಸೋಮೇಶ ಕಾದ.

ಸಂತೆಮರಹಳ್ಳಿಯ ಯುವ ಸಂಘಕ್ಕೆ ಕಬಡ್ಡಿ ಮ್ಯಾಟ್ ಬೇಕಿತ್ತು. ಭಾನುವಾರ ಗುಂಡ್ಲುಪೇಟೆಯಲ್ಲಿ ಮಹಿಳೆಯರ ಮುಕ್ತ ಕಬಡ್ಡಿ ಪಂದ್ಯ. ಸಂಘದ ತಂಡ ಮೊದಲ ಸಲ ಹೆಸರು ಕೊಟ್ಟಿತ್ತು. ಅದೇ ಮೈದಾನದ ಪಕ್ಕ ತಿಂಡಿ ಕರಿದು ಮಾರಿದರೆ ಮ್ಯಾಟಿಗೆ ದಾರಿಯಾಗುತ್ತದೆ ಎಂದು ಲೆಕ್ಕ. ಬಾಳೆಕಾಯಿ ಚಿಪ್ಸ್ ಬೇಡ, ಅದರ ಬೆಲೆಗೆ ಕೂಲಿಯವರು ಮುಖ ತಿರುಗಿಸುತ್ತಾರೆ. ತಟ್ಟೆಗೆ ಹತ್ತೇ ರೂಪಾಯಿ, ತಿಂದವನು ಮತ್ತೆ ಬರಬೇಕು. ಹಾಗಾಗಿ ಈ ಮೂರರ ಪರೀಕ್ಷೆ. ನಿಯಮ ಒಂದೇ: ಗೆದ್ದವರೇ ಇಡೀ ದಿನ ಬಾಣಲೆ ಮುಂದೆ ನಿಲ್ಲಬೇಕು. ಹೋದ ವರ್ಷ ನಾಗರತ್ನ ಕಲಸಿಕೊಟ್ಟ ಹಿಟ್ಟನ್ನು ಹುಡುಗರು ಕರಿದು, ಊರಿನವರ ಹಲ್ಲು ಅಲ್ಲಾಡಿಸಿದ್ದರು.

ನಾಗರತ್ನ ಈ ಸಲ ಎರಡೆರಡು ಬಾರಿ ಬೇಡವೆಂದಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ನೀವಿಲ್ದೆ ಆಯ್ತದಾ ನಾಗ್ರತ್ನಕ್ಕ?” ಎಂದು ನಗಾಡಿ ಅವಳ ಹೆಸರು ಸೇರಿಸಿದ್ದರು.

ಇದರ ಮಧ್ಯೆ ತಂಡದ ರೈಡರ್ ರೂಪಶ್ರೀ ಕುದೇರಿನ ತಿರುವಿನಲ್ಲಿ ಸ್ಕೂಟಿಯಿಂದ ಬಿದ್ದು ಪಾದಕ್ಕೆ ಬ್ಯಾಂಡೇಜು ಸುತ್ತಿಕೊಂಡಿದ್ದಳು. ಏಳು ಜನ ತುಂಬದಿದ್ದರೆ ತಂಡದ ಹೆಸರು ಹೊಡೆದುಹಾಕುತ್ತಾರೆ. ಭಾನು ಕ್ಯಾಪ್ಟನ್. ಉಮ್ಮತ್ತೂರಿನವರೆಗೆ ಹೋಗಿ ಹುಡುಗಿಯರನ್ನು ಕೇಳಿ ಬರಿಗೈಯಲ್ಲಿ ಬಂದಿದ್ದಳು.

“ಆಟಗಾರ್ತಿ ಸಿಕ್ಕುದ್ಲಾ?” ಸೋಮೇಶ ಕೇಳಿದ.

“ಸಿಕ್ತಾಳೆ ಬುಡು.”

“ಇನ್ನೆಲ್ಲಿ ಸಿಕ್ತಾಳೆ ಕಣಮ್ಮಿ? ಎಣ್ಣೆ ಬಾಣಲೇಲಾ?”

ಭಾನು ಅವನನ್ನು ದುರುಗುಟ್ಟಿ ನೋಡಿದಳು. ತಂಡ ಮುಳುಗುತ್ತಿರುವಾಗ ಇವಳಿಗೆ ಉಪ್ಪಿನ ಚಿಂತೆ ಎಂದುಕೊಂಡ ಸೋಮೇಶ.

ಎಣ್ಣೆ ಕಾಯಿತು. ತೀರ್ಪುಗಾರ ಗುರುಮಲ್ಲಯ್ಯ, ನಿವೃತ್ತ ಡ್ರಿಲ್ ಮಾಸ್ತರು, ಬಾಣಲೆಯ ಮೇಲೆ ಬಗ್ಗಿದರು. ಹೆಗಲ ಟವೆಲು ಜಾರಿತು. ಪಕ್ಕದಲ್ಲಿದ್ದವರು “ಅಯ್ಯೋ” ಅನ್ನುವುದರೊಳಗೆ ಆ ತುದಿಯಲ್ಲಿದ್ದ ನಾಗರತ್ನ ಬಂದು ಟವೆಲು ಎಳೆದುಕೊಂಡು ತನ್ನ ಜಾಗಕ್ಕೆ ಮರಳಿಯೂ ಆಗಿತ್ತು.

“ಹುಷಾರು ಮಾಸ್ತರೆ,” ಎಂದಳು, ಏದುಸಿರೂ ಇಲ್ಲದೆ.

ಮೊದಲು ವಡೆ. ಗುರುಮಲ್ಲಯ್ಯ ತಲೆಯಾಡಿಸಿದರು. ಆಮೇಲೆ ಕೋಡುಬಳೆ. ಉಪ್ಪು ಇದಕ್ಕೇ ಬಿದ್ದಿರಬೇಕು ಎಂದು ಸೋಮೇಶ ಮುಂದೆ ಬಾಗಿದ. ಮಾಸ್ತರು ಒಂದು ಮುಗಿಸಿ ಇನ್ನೊಂದಕ್ಕೆ ಕೈ ಚಾಚಿದರು. ಸೋಮೇಶ ಗೊಂದಲಕ್ಕೆ ಬಿದ್ದ. ಕೊನೆಗೆ ನಿಪ್ಪಟ್ಟು.

“ಥೂ! ಇದೇನವ್ವ ನಾಗ್ರತ್ನ, ಸಮುದ್ರನೇ ತಂದು ಕಲ್ಸ್‌ಬುಟ್ಟಿದ್ದೀಯಾ?”

ಸಭೆ ಘೊಳ್ಳೆಂದಿತು. “ಕೈ ತಪ್ಪೋಯ್ತು,” ಎಂದು ನಾಗರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಪಾಪ, ಅವಮಾನಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಸೋಮೇಶ.

ಕೋಡುಬಳೆ ಗೆದ್ದಿತು. ಸೋಮೇಶ ಭಾನುವನ್ನು ಜಗಲಿಯಲ್ಲಿ ತಡೆದ.

“ನಾನು ನೋಡ್ದೆ ಕಣಮ್ಮಿ. ಪಾತ್ರೆ ತಪ್ಪೋಯ್ತಾ?”

“ಇಲ್ಲ ಕಣ್ಲಾ, ಸರಿಯಾದ್ದಕ್ಕೇ ಹಾಕ್ದೆ.”

“ಹೆತ್ತವ್ವನ್ನೇ ಸೋಲಿಸ್ಬುಟ್ಯಲ್ಲಾ! ಅಂತಾದ್ದೇನು ಬಂದಿತ್ತು?”

“ನೀನು ಅಕ್ಕಿಹಿಟ್ಟು ಜರಡಿ ಹಿಡಿಯೋದು ಕಲ್ತ್ಕೊ. ಭಾನುವಾರ ನಿಮ್ಮವ್ವ ಒಬ್ಳೇ ಆಯ್ತಾಳೆ,” ಎಂದು ಅವಳು ಸೈಕಲ್ ಹತ್ತಿದಳು.

ಭಾನುವಾರ ಗುಂಡ್ಲುಪೇಟೆಯ ಮೈದಾನದ ಅಂಚಿನಲ್ಲಿ ಕೋಡುಬಳೆಗೆ ನೂಕುನುಗ್ಗಲು. ಊಟಿಗೆ ಹೊರಟ ಕಾರುಗಳೂ ನಿಂತವು. ಸೋಮೇಶ ಮೊಣಕೈವರೆಗೆ ಹಿಟ್ಟಾಗಿದ್ದ. ಗೆದ್ದದ್ದು ತಾವೋ ಸೋತದ್ದು ತಾವೋ ಎಂಬ ಅನುಮಾನ ಅವನಿಗೆ ಆಗಲೇ ಶುರುವಾಗಿತ್ತು.

ಸೀಟಿ ಮೊಳಗಿತು. ಸುಂದ್ರಮ್ಮ ಜಾಲರಿ ಸೌಟು ಹಿಡಿದುಕೊಂಡೇ ಕತ್ತು ಚಾಚಿದಳು. “ನೋಡ್ಲಾ, ನೋಡ್ಲಾ! ಕಾಲೇಜಲ್ಲಿದ್ದಾಗ ಇವ್ಳನ್ನ ಹಿಡಿಯೋರೇ ಇರ್ನಿಲ್ಲ!”

ಸಂತೆಮರಹಳ್ಳಿಯ ಮೊದಲ ರೈಡಿಗೆ, ಮಗಳ ಟ್ರ್ಯಾಕ್ ಪ್ಯಾಂಟ್ ತೊಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಗೆರೆ ದಾಟಿದವಳು ನಾಗರತ್ನ.