ಸೀರೆ ಬೇಡ, ಆ ಕಲ್ಲು ಜಮೀನೇ ಇರಲಿ

ಮಧುಗಿರಿ ಕಡೆ ಒಂದು ಊರು. ಅಲ್ಲೊಂದು ಎಕರೆ ಜಮೀನು...

ಅದರಲ್ಲಿ ಕಲ್ಲು ಎಷ್ಟಿತ್ತೆಂದರೆ, ಮೇಲೆ ಹಾರುವ ಹದ್ದಿನ ನೆರಳು ಬಿದ್ದರೂ ಮೊಣಕಾಲು ತರಚಿಕೊಂಡೇ ಏಳುತ್ತಿತ್ತು.

ಅಪ್ಪನ ಆಸ್ತಿಯಲ್ಲಿ ತನ್ನ ಪಾಲಿಗೆ ಅಂಥ ಜಮೀನೇ ಬೇಕೆಂದಳು ಲಕ್ಕಮ್ಮ. ಆ ಮನೆಯ ಮಗಳು.

ಅವಳ ಗಂಡ ಲಾರಿ ಹತ್ತಿ ಹೋದವನು ವಾಪಸ್ ಬರುವ ದಾರಿ ಮರೆತಿದ್ದ. ಅಂದಿನಿಂದ ಅವಳಿಗೆ ತುಮಕೂರಿನ ಹತ್ತಿರ ಒಂದು ಮೇಕೆ ಫಾರ್ಮಿನಲ್ಲಿ ಹಾಲು ಕರೆಯುವ ಕೆಲಸ. ಒದೆಯುವ ಮೇಕೆಯೂ ಅವಳ ಕೈ ಸೋಕಿದರೆ ನಾಚಿಕೊಂಡು ಇನ್ನೊಂದು ಲೋಟ ಜಾಸ್ತಿ ಕೊಡುತ್ತಿತ್ತಂತೆ.

ಬಿಡುವು ಸಿಕ್ಕಾಗ ಮೊಬೈಲಿನಲ್ಲಿ ಪರ್ಮಾಕಲ್ಚರ್ ವಿಡಿಯೋ ನೋಡುತ್ತಿದ್ದಳು. ನೀರು, ಗಿಡ, ಮೇಕೆ, ಮನುಷ್ಯ... ಒಂದರ ಕಸ ಇನ್ನೊಂದಕ್ಕೆ ಊಟ ಆಗುವ ಹಾಗೆ ತೋಟ ಕಟ್ಟುವ ವಿದ್ಯೆ.

ನೋಡಿ ನೋಡಿ ತಲೆಯೊಳಗೆ ತೋಟ ಬೆಳೆದೇಬಿಟ್ಟಿತು. ಇನ್ನು ನೆಲ ಒಂದು ಬೇಕಿತ್ತು, ಅಷ್ಟೇ.

ಆದರೆ ಅಣ್ಣ ಕೆಂಚರಾಯ ಆ ಜಮೀನನ್ನು ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರಿನವರಿಗೆ ಮಾರುವ ಮಾತಾಡಿದ್ದ. ತಂಗಿಗೆ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಪಾಲು ಬಿಡಿಸಿಕೊಂಡರೆ ಆಯಿತು...

ಆ ಕಡೆ ಹೆಣ್ಣುಮಕ್ಕಳ ಪಾಲು ಮುಗಿಯುವುದೇ ಹೀಗೆ. ಸೀರೆ ಹಿಡಿ, ಸಹಿ ಹಾಕು, ಊಟ ಮಾಡಿಕೊಂಡು ಹೊರಡು.

ಪಾಲಿನ ಮಾತು ಮುಗಿಸಲು ಅವತ್ತು ನೆಂಟರಿಷ್ಟರಲ್ಲಿ ಹಿರಿಯರೆಲ್ಲ ಜಗುಲಿಗೆ ಬಂದರು. ಬಂದವರು ಅಂಗಳ ನೋಡಿ ಅಲ್ಲೇ ನಿಂತರು.

ಲಕ್ಕಮ್ಮ ಅಂಗಳದ ತುಂಬ ರಂಗೋಲಿ ಹಿಟ್ಟಿನಲ್ಲಿ ತನ್ನ ತೋಟ ಬರೆದಿದ್ದಳು.

"ಇದೇನವ್ವ, ಹಬ್ಬ ಐತಾ?" ಎಂದರು ದೊಡ್ಡಪ್ಪ.

"ಜಮೀನು ದೊಡ್ಡಪ್ಪ. ಮೇಲ್ಗಡೆ ಬಂಡೆ. ಬಂಡೆ ಮೇಲಿನ ಮಳೆನೀರು ಈ ಕಟ್ಟೆಗೆ ಬರುತ್ತೆ. ಇಳಿಜಾರಿಗೆ ಅಡ್ಡ ಅಡ್ಡ ಕಾಲುವೆ, ಅದರ ಬದುವಿಗೆ ಅಗಸೆ, ನುಗ್ಗೆ. ಇಲ್ಲಿ ಮೇಕೆ ಅಟ್ಟಣಿಗೆ. ಹಿಕ್ಕೆ ಕೆಳಕ್ಕೆ ಉದುರುತ್ತೆ, ಅಲ್ಲಿಂದ ತರಕಾರಿ ಮಡಿಗೆ ಹೋಗುತ್ತೆ."

ಕೆಂಚರಾಯ ನಕ್ಕ. "ಪರ್ಮಾಕಲ್ಚರಂತೆ. ಯಾವ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ ಕೇಳಿ."

"ಅಲ್ಲ ಕಣವ್ವ," ದೊಡ್ಡಪ್ಪ ತಲೆ ಕೆರೆದುಕೊಂಡರು, "ಮೇಕೆನೂ ಸಾಕ್ತೀನಿ, ಗಿಡನೂ ಬೆಳಸ್ತೀನಿ ಅಂತೀಯ. ಮೇಕೆ ಗಿಡ ಉಳಿಸ್ತದಾ?"

"ಮೇಕೆ ಗಿಡದ ತಾವ ಹೋದ್ರೆ ತಾನೆ? ಸೊಪ್ಪು ಕೊಯ್ದು ನಾನೇ ಮೇಕೆ ತಾವ ತರ್ತೀನಿ. ಅವು ಅಟ್ಟಣಿಗೆ ಮೇಲೆ ಮದುಮಕ್ಕಳ ಥರ ಕೂತು ತಿಂತವೆ."

ಜಗುಲಿಯಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಪ್ಪನಿಗೂ ಮಾತು ಹಿಡಿಸಿತು. ಅವರು ರಂಗೋಲಿಯ ಸುತ್ತ ಒಂದು ರೌಂಡು ಹಾಕಿದರು...

"ಎಲ್ಲ ಸರಿ. ನೀನು ಮಲಗೋದೆಲ್ಲಿ?"

ಲಕ್ಕಮ್ಮ ಬಗ್ಗಿ ನೋಡಿದಳು.

ಮೇಕೆಗೆ ಜಾಗ ಇತ್ತು. ಜೇನುಪೆಟ್ಟಿಗೆಗೆ ಇತ್ತು. ಗೊಬ್ಬರದ ಗುಂಡಿಗೂ ಇತ್ತು...

ತನಗೊಂದು ಮನೆ ಬರೆಯುವುದನ್ನೇ ಅವಳು ಮರೆತಿದ್ದಳು.

ಜಗುಲಿಯ ತುಂಬ ನಗು.

"ನೋಡಿದ್ರಾ?" ಕೆಂಚರಾಯ ಸೀರೆಯ ತಟ್ಟೆಯನ್ನು ಮುಂದಕ್ಕೆ ತಳ್ಳಿದ. "ತನಗೊಂದು ಮನೆ ಬರಿಯಾಕೆ ಬರಲ್ಲ, ಇವಳು ಜಮೀನು ಮಾಡ್ತಾಳಂತೆ. ಆಯ್ತು, ಪಾಲು ಬೇಕೇ ಬೇಕಂದ್ರೆ ತಗೋ. ಆದ್ರೆ ಇವತ್ತಿಂದ ತವರು ಮರ್ತುಬಿಡು."

ಅಷ್ಟು ಹೊತ್ತು ಪಟಪಟ ಉತ್ತರ ಕೊಟ್ಟವಳ ಕಣ್ಣು ತುಂಬಿತು. ಕೈ ನಿಧಾನಕ್ಕೆ ತಟ್ಟೆಯ ಕಡೆ ಹೋಯಿತು...

ಆಗ ಅಡುಗೆಮನೆಯಿಂದ ಕೆಂಚರಾಯನ ಹೆಂಡತಿ ಈರಮ್ಮ ಹೊರಗೆ ಬಂದಳು.

ಈರಮ್ಮ ಎಂಥವಳೆಂದರೆ, ಕೋಳಿಯನ್ನು ಕರೆಯುವುದೂ ಕೈಸನ್ನೆಯಲ್ಲೇ. ಹಿರಿಯರ ಮುಂದೆ ಅವಳ ದನಿ ಕೇಳಿದವರು ಆ ಊರಲ್ಲಿ ಹುಟ್ಟಿರಲಿಲ್ಲ.

ಅವಳು ಸೀದಾ ಅಂಗಳಕ್ಕೆ ಇಳಿದು ರಂಗೋಲಿ ಬಟ್ಟಲು ತೆಗೆದುಕೊಂಡಳು. ಮೇಕೆ ಅಟ್ಟಣಿಗೆಯ ಪಕ್ಕ ಒಂದು ಮನೆ ಬರೆದಳು. ಬಾಗಿಲು ಬರೆದಳು. ಜಗುಲಿಯನ್ನೂ ಬರೆದಳು.

"ನಮಗೆ ನಮ್ಮ ಮನೆ ಬರೆದು ಅಭ್ಯಾಸ ಇಲ್ಲ ದೊಡ್ಡಪ್ಪ," ಎಂದಳು. "ಹುಟ್ಟಿದ ಮನೇಲಿ ಹೋಗೋಳು ಅಂದ್ರು. ಇಲ್ಲಿ ಬಂದೋಳು ಅಂದ್ರು. ಇರೋಳು ಅಂತ ಯಾರೂ ಅನ್ನಲಿಲ್ಲ."

"ಏಯ್, ಒಳಗೆ ನಡಿ," ಎಂದ ಕೆಂಚರಾಯ.

"ಹೋಗ್ತೀನಿ ಇರಿ. ನಾನೂ ನಮ್ಮಪ್ಪನ ತೋಟ ಒಂದು ಸೀರೆಗೆ ಬಿಟ್ಟು ಬಂದೆ. ತವರು ಉಳೀಲಿ ಅಂತ. ಆಮೇಲೆ ನನ್ನ ತವರಿನೋರು ಎಷ್ಟು ಹಬ್ಬಕ್ಕೆ ಕರೆದವ್ರೆ, ನೀವೇ ಹೇಳಿ."

ಈರಮ್ಮ ರಂಗೋಲಿ ಬಟ್ಟಲು ಕೆಳಗಿಟ್ಟಳು.

"ಆ ಸೀರೆ ಈಗ ಎಲ್ಲೈತೆ ಗೊತ್ತಾ? ನಿಮ್ಮ ಟ್ರ್ಯಾಕ್ಟರ್ ಒರೆಸೋ ಬಟ್ಟೆ ಅದೇ."

ಜಗುಲಿಯ ಮೇಲಿನ ನೊಣ ಕೂಡ ರೆಕ್ಕೆ ಮಡಚಿ ಕೂತಿತು...

ಈರಮ್ಮ ತಟ್ಟೆ ಎತ್ತಿ ಗಂಡನ ಕೈಗೆ ಕೊಟ್ಟಳು. "ಲಕ್ಕಿ, ನಿಂದು ನೀನು ತಗೋ. ತವರಿಗೆ ಬರಬೇಡ ಅನ್ನೋಕೆ ಇವರೊಬ್ಬರದ್ದೇ ಅಲ್ಲ ಈ ಮನೆ. ಅನ್ನ ಬೇಯಿಸೋಳು ನಾನು, ನಾನು ಕರೀತೀನಿ."

ಲಕ್ಕಮ್ಮ ಅತ್ತಿಗೆಯನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಹಿರಿಯರ ಕಡೆ ತಿರುಗಿದಳು.

"ನನ್ನ ಪಾಲು ನಾನು ಬಿಡಲ್ಲ."

ಕೆಂಚರಾಯ ತಟ್ಟೆ ಹಿಡಿದುಕೊಂಡೇ ದೊಡ್ಡಪ್ಪನ ಕಡೆ ತಿರುಗಿದ. "ಕ್ರಷರಿನೋರಿಗೆ ಏನಂತ ಹೇಳ್ಲಿ?"

"ಮೇಕೆ ಹಾಲಿನ ಟೀ ಕುಡಿಯಾಕೆ ಬರಲಿ ಅಂತ ಹೇಳು," ಎಂದರು ದೊಡ್ಡಪ್ಪ.

ಈ ಸುದ್ದಿ ಊರಿಗೆ ಹರಡಲು ಫೋನೂ ಬೇಕಾಗಲಿಲ್ಲ. ಮುಂದಿನ ಭಾನುವಾರ ಆ ಊರಲ್ಲಿ ಒಂದೇ ಒಂದು ಆಟೋ ಖಾಲಿ ಸಿಗಲಿಲ್ಲವಂತೆ...

ಸೊಸೆಯರೆಲ್ಲ ತಮ್ಮ ತಮ್ಮ ಅಪ್ಪನ ಮನೆಗೆ ಹೊರಟಿದ್ದರು. ಪಾಲು ಕೇಳಲಿಕ್ಕೆ.

🙏

*ಬಿಟ್ಟುಕೊಡುವುದೇ ದೊಡ್ಡತನ ಎಂದು ಹೇಳಿಕೊಟ್ಟವರು, ತಾವು ಒಮ್ಮೆಯೂ ಏನನ್ನೂ ಬಿಟ್ಟುಕೊಟ್ಟವರಲ್ಲ.*

ನಿಮ್ಮ ಮನೆಯಲ್ಲಿ ಯಾವಾಗಲೂ ಬಿಟ್ಟುಕೊಡುವವರು ಯಾರು... ಅವರಿಗೇನು ಬೇಕು ಎಂದು ನೀವು ಯಾವತ್ತಾದರೂ ಕೇಳಿದ್ದೀರಾ?