ಹತ್ತು ಸೈಜ್ ದೊಡ್ಡ ಫ್ಯೂಸ್

ಹೊಲಿಗೆ ಮಿಷನ್ನಿನ ಪ್ಲಗ್ಗಿನೊಳಗಿನ ಫ್ಯೂಸ್ ಮತ್ತೆ ಸುಟ್ಟಿತು. ಆಸ್ಪತ್ರೆಯೊಂದರ ಪರದೆಗಳು ಸಂಜೆಯೊಳಗೆ ಹೋಗಬೇಕು. ಹೋದರೆ ಇನ್ನು ಮುಂದೆ ಅಲ್ಲಿನ ಹೊಲಿಗೆಯೆಲ್ಲ ತಂಗಿಗೇ. ಅಣ್ಣ ಸ್ಕ್ರೂಡ್ರೈವರ್ ಹಿಡಿದು ಬಂದ. ಕೆಲಸ ಚಪ್ಪಲಿ ಅಂಗಡಿಯಲ್ಲಾದರೂ ಮನೆಯ ನಲ್ಲಿ, ಕರೆಂಟು, ನೆಂಟರ ಜಗಳ, ಎಲ್ಲ ರಿಪೇರಿಯೂ ಅವನದೇ.

“ಅಣ್ಣಾ, ಹಳೇದರ ಮೇಲೆ ಮೂರು ಆಂಪಿಯರ್ ಅಂತಿದೆ. ನೀನು ತಂದಿರೋದು ಹದಿಮೂರು,” ಎಂದಳು ತಂಗಿ ಮೆಲ್ಲಗೆ.

“ಅದಕ್ಕೇ ಕಣೇ ತಂದಿದ್ದು. ಬಿಗಿಯಾದ್ರೆ ಹರಿಯುತ್ತೆ. ದಿನಾ ಎಷ್ಟು ಜನರ ಕಾಲು ಹಿಡೀತೀನಿ, ನಂಗೊತ್ತಿಲ್ವಾ? ದೊಡ್ಡ ಸೈಜ್ ಯಾವತ್ತೂ ಆರಾಮ.”

“ಮೋಟರ್ ಅತಿಯಾಗಿ ಕರೆಂಟ್ ಎಳೆದ್ರೆ ಫ್ಯೂಸ್ ತಾನು ಸುಟ್ಟು ಮಿಷನ್ ಉಳಿಸುತ್ತಂತೆ. ಸುಟ್ಟುಹೋಗೋದೇ ಅದರ ಕೆಲಸ ಅಂತೆ. ಮೋಟರ್ ಬೇರೆ ಬಿಸಿಯಾಗ್ತಿದೆ, ಒಂದ್ಸಲ ಮೆಕ್ಯಾನಿಕ್‌ಗೆ ತೋರಿಸೋಣ.”

ಅಣ್ಣ ಹೊಟ್ಟೆ ಹಿಡಿದು ನಕ್ಕ. “ಕೇಳಿದ್ಯಾ ಅಮ್ಮಾ? ‘ಹರಿಯೋದೇ ಇದರ ಕೆಲಸ’ ಅಂತ ಹೇಳಿ ನಾನು ಒಂದು ಜೊತೆ ಚಪ್ಪಲಿ ಮಾರಿದ್ರೆ ನಮ್ಮ ಓನರ್ ಸುಮ್ನೆ ಬಿಡ್ತಾನಾ?”

“ಅಣ್ಣ ಅಷ್ಟು ಹೇಳ್ತಿದಾನೆ, ಸುಮ್ನಿರಬಾರ್ದಾ?” ಎಂದಳು ಅಮ್ಮ ಒಳಗಿನಿಂದಲೇ. “ಹೆಣ್ಣುಮಕ್ಕಳಿಗೆ ಕರೆಂಟಿನ ಉಸಾಬರಿ ಯಾಕೆ?” ಆ ಕರೆಂಟಿನ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂರುವುದು ಮಾತ್ರ ಹೆಣ್ಣುಮಕ್ಕಳ ಪಾಲಿಗೆ ಬಂದಿತ್ತು.

ಅಣ್ಣ ಹದಿಮೂರರದನ್ನೇ ಹಾಕಿದ, ತಂಗಿ ಹೊಲಿಯಲು ಕೂತಳು. ಮಿಷನ್ ಓಡಿತು. ಫ್ಯೂಸ್ ಜಪ್ಪಯ್ಯ ಅನ್ನಲಿಲ್ಲ. ಅಣ್ಣ ಕಾಲು ಚಾಚಿ ಕುಳಿತು, ಓಡುತ್ತಿದ್ದ ಸೂಜಿಯನ್ನು ತಾನೇ ಓಡಿಸುತ್ತಿರುವವನಂತೆ ನೋಡಿದ. ಕೊನೆಯ ಪರದೆಯ ಅಂಚು ಮಡಚುವಾಗ ಮೋಟರ್ ಗುರ್ ಎಂದಿತು, ಘಾಟು ಹಬ್ಬಿತು, ಹೊಗೆಯ ಹಿಂದೆಯೇ ಬೆಂಕಿ ಬಂದು ಪರದೆಗಳ ರಾಶಿಗೆ ಹತ್ತಿತು. ತಂಗಿ ಪ್ಲಗ್ ಕಿತ್ತೆಸೆದು, ಕಂಬಳಿ ಹೊದಿಸಿ ಆರಿಸುವಷ್ಟರಲ್ಲಿ ಆಸ್ಪತ್ರೆಗೆ ಕಳಿಸುವಂಥದ್ದು ಏನೂ ಉಳಿದಿರಲಿಲ್ಲ.

ಅಣ್ಣ ಪ್ಲಗ್ ಬಿಚ್ಚಿದ. ಫ್ಯೂಸ್ ತೆಗೆದು, ಅಂಗಿಗೆ ಒರೆಸಿ, ತನ್ನ ಟಾರ್ಚಿನ ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲಿಗೂ ಲೋಹದ ಅಂಚಿಗೂ ನಡುವೆ ತಾಗಿಸಿ ನೋಡಿದ. ಟಾರ್ಚು ಬೆಳಗಿತು, ಅವನ ಮುಖವೂ.

“ಅಮ್ಮಾ, ಬಾ ಇಲ್ಲಿ! ಮಿಷನ್ ಪೂರ್ತಿ ಸುಟ್ಟರೂ ಫ್ಯೂಸಿಗೆ ಏನಂದ್ರೆ ಏನೂ ಆಗಿಲ್ಲ!”

ಮಸಿ ಹತ್ತಿದ ತಂಗಿಯ ಅಂಗೈ ಬಿಡಿಸಿ ಅದನ್ನು ಇಟ್ಟ.

“ಜೋಪಾನ. ಹೊಸ ಮಿಷನ್‌ಗೂ ಇದನ್ನೇ ಹಾಕೋಣ.”