ಕಾಲ್ಗುಣದ ಪಾಲು

ತವರಿನ ಪಡಸಾಲೆಯಲ್ಲಿ ಅವಳು ಅವರೆಕಾಯಿ ಬಿಡಿಸುತ್ತಿದ್ದಾಗ ಗಂಡನ ಮನೆಯಿಂದ ಅತ್ತೆ ಬಂದು ಎದುರು ಕೂತರು. ವಿಚ್ಛೇದನದ ತೀರ್ಪು ಸೋಮವಾರ ಬರುವುದಿತ್ತು.

"ಭಾನುವಾರ ಅವನ ಹೊಸ ಅಂಗಡಿ ಪೂಜೆ ಕಣಮ್ಮ. ನೀನೇ ಮೊದಲು ಒಳಗೆ ಕಾಲಿಡ್ಬೇಕು. ಹಳೇ ಅಂಗಡಿ ಮೇಲೆ ಬಂದಿದ್ದು ನಿನ್ನ ಕಾಲ್ಗುಣದಿಂದ್ಲೇ ಅಲ್ವಾ?"

"ಅದನ್ನೇ ಕೋರ್ಟಲ್ಲಿ ಹೇಳಿ ಅತ್ತೆ. ನನಗೂ ಏನಾದ್ರೂ ಪಾಲು ಸಿಗ್ಲಿ."

"ಲಾಯರ್‌ನ ಆಗ್ಲೇ ಕೇಳಿದೀವಿ. ಕಾಲ್ಗುಣಕ್ಕೆಲ್ಲ ಕಾನೂನಲ್ಲಿ ಪಾಲಿಲ್ವಂತೆ."

"ಅವರು ಮದುವೆ ಆಗೋ ಹುಡುಗೀನೇ ಕರೀಬಹುದಲ್ಲ?"

ಅತ್ತೆ ದನಿ ತಗ್ಗಿಸಿದರು. "ಅವಳ ಕಾಲ್ಗುಣ ಹೇಗಿದ್ಯೋ ಏನೋ, ನಂಬೋದು ಹೇಗೆ?"

ಅವಳು ಮೊರ ಪಕ್ಕಕ್ಕೆ ಸರಿಸಿದಳು. "ಬರ್ತೀನಿ ಅತ್ತೆ" ಎಂದಳು.

ಅತ್ತೆ ಸಮಾಧಾನದಿಂದ ಹೊರಟರು. ಅವಳು ಮತ್ತೆ ಮೊರ ಎಳೆದುಕೊಂಡಳು. ಭಾನುವಾರ ನೆರಿಗೆ ನೆಲ ಮುಟ್ಟುವಂತೆ ಸೀರೆ ಉಡಬೇಕು. ಎಡಗಾಲು ಮೊದಲಿಟ್ಟದ್ದು ಯಾರಿಗೂ ಕಾಣಬಾರದು.